ಹದಿಮೂರು ಅಂಕ ಮುಂದಿದ್ದ ತಂಡದ ಕಥೆ: ಗೆಳೆಯನಿಗೊಂದು ಪತ್ರ

ಪ್ರೀತಿಯ ಗೆಳೆಯಾ,

ಮೊನ್ನೆ ಫೋನಿನಲ್ಲಿ ನೀನು ಬ್ರೆಜಿಲ್‌ನ ಫುಟ್ಬಾಲ್ ಕ್ಲಬ್ ಬೊಟಾಫೊಗೊ ಬಗ್ಗೆ ಒಂದೇ ಮಾತಿನಲ್ಲಿ ತೀರ್ಪು ಕೊಟ್ಟುಬಿಟ್ಟೆ. "ಒತ್ತಡ ತಾಳಲಿಲ್ಲ, ಬಿದ್ದರು, ಅಷ್ಟೇ" ಅಂದೆ. ಆಗ ಬಸ್ಸಿನ ಗದ್ದಲದಲ್ಲಿ ವಾದ ಮಾಡಲು ಆಗಲಿಲ್ಲ. ಬರೆದೇ ಹೇಳೋಣ ಅನ್ನಿಸಿತು. ಯುರೋಪಿನ ಲೀಗುಗಳನ್ನು ಬಿಟ್ಟು ಬೇರೇನೂ ನೋಡದ ನಿನ್ನಂಥವರು ಇನ್ನಷ್ಟು ಜನ ಇದ್ದಾರಲ್ಲ, ಅವರೂ ಓದಲಿ ಅಂತ ಎಲ್ಲರಿಗೂ ಕಾಣುವ ಹಾಗೆ ಹಾಕುತ್ತಿದ್ದೇನೆ. ಬೇಜಾರು ಮಾಡ್ಕೋಬೇಡ.

ನಾನು ಹೇಳುತ್ತಿರುವುದು ಬ್ರೆಜಿಲ್‌ನ 2023ರ ಲೀಗ್ ಕಥೆ. ಅಲ್ಲಿ 20 ತಂಡ, ತಲಾ 38 ಪಂದ್ಯ, ಆ ವರ್ಷ ಏಪ್ರಿಲ್‌ನಿಂದ ಡಿಸೆಂಬರ್‌ವರೆಗೆ. ಕೊನೆಯ ನಾಲ್ಕು ತಂಡ ಕೆಳಗಿನ ಡಿವಿಷನ್‌ಗೆ. ಫೈನಲ್ ಗೀನಲ್ ಇಲ್ಲ, ಜಾಸ್ತಿ ಅಂಕ ಗಳಿಸಿದವರೇ ಚಾಂಪಿಯನ್.

ಬೊಟಾಫೊಗೊ ರಿಯೊ ನಗರದ ಹಳೇ ಕ್ಲಬ್. ಬ್ರೆಜಿಲ್‌ನ ದಂತಕಥೆ ಗ್ಯಾರಿಂಚಾ ಆಡಿದ್ದು ಇಲ್ಲೇ. ನಿಲ್ಟನ್ ಸಾಂಟೋಸ್, ಜೈರ್ಜಿನ್ಯೊ ಎಲ್ಲ ಇದೇ ಕಪ್ಪು ಬಿಳಿ ಪಟ್ಟೆಯ ಜೆರ್ಸಿ ಹಾಕಿದವರು. ಆದರೆ 2023ಕ್ಕೆ ಮುಂಚೆ ಲೀಗ್ ಕೊನೇ ಸಲ ಗೆದ್ದದ್ದು 1995ರಲ್ಲಿ. 2020ರ ಲೀಗಿನಲ್ಲಂತೂ ಪಟ್ಟಿಯಲ್ಲಿ ಕಟ್ಟಕಡೆಗೆ ನಿಂತು ಕೆಳಗಿಳಿಯಿತು. ಮರುವರ್ಷ ಎರಡನೇ ಡಿವಿಷನ್ ಗೆದ್ದು ವಾಪಸ್ ಬಂತು. 2022ರಲ್ಲಿ ಜಾನ್ ಟೆಕ್ಸ್ಟರ್ ಎಂಬ ಅಮೆರಿಕದ ಶ್ರೀಮಂತ ಅದನ್ನು ಕೊಂಡುಕೊಂಡ. ಇಂಥ ತಂಡ 2023ರಲ್ಲಿ ಮೊದಲ 19 ಪಂದ್ಯಗಳಲ್ಲಿ 47 ಅಂಕ ಗಳಿಸಿತು ಕಣೋ! 15 ಗೆಲುವು, 2 ಡ್ರಾ, 2 ಸೋಲು. ಒಂದು ಹಂತದಲ್ಲಿ ಎರಡನೇ ಸ್ಥಾನದವರಿಗಿಂತ 13 ಅಂಕ ಮುಂದೆ. ಅವರ ಸ್ಟ್ರೈಕರ್ ಟಿಕಿನ್ಯೊ ಸೊವಾರೆಸ್ ಮುಟ್ಟಿದ್ದೆಲ್ಲ ಗೋಲು.

ಈಗ ನಿನ್ನ "ಒತ್ತಡ"ಕ್ಕೆ ಬರ್ತೀನಿ. ಒತ್ತಡ ಸುಮ್ಮನೆ ಗಾಳಿಯಲ್ಲಿ ಹುಟ್ಟಲ್ಲ. ತಂಡವನ್ನು ಕಟ್ಟಿದ ಕೋಚ್ ಪೋರ್ಚುಗಲ್‌ನ ಲೂಯಿಸ್ ಕ್ಯಾಸ್ಟ್ರೊ. ಜೂನ್ ಕೊನೆಯಲ್ಲಿ, ಪಟ್ಟಿಯ ತುದಿಯಲ್ಲಿ ಇರುವಾಗಲೇ, ಆತ ಸೌದಿಯ ಅಲ್ ನಾಸರ್‌ಗೆ ಹೊರಟುಹೋದ. ರೊನಾಲ್ಡೊ ಆಡುತ್ತಿದ್ದ ಕ್ಲಬ್, ದುಡ್ಡಿನ ಹೊಳೆ. ತಪ್ಪು ಅಂತ ಹೇಗೆ ಹೇಳೋದು? ಹಂಗಾಮಿಯಾಗಿ ಬಂದ ಕ್ಲೌಡಿಯೊ ಕಸಾಪಾ ಏನನ್ನೂ ಕೆದಕಲಿಲ್ಲ, ಗೆಲುವು ಮುಂದುವರಿಯಿತು. ಆಮೇಲೆ ಬ್ರೂನೊ ಲಾಜ್ ಬಂದ. ಸೆಪ್ಟೆಂಬರ್‌ನಲ್ಲಿ ಫ್ಲಮೆಂಗೊ ಎದುರು ಸೋತ ರಾತ್ರಿ, ಪತ್ರಕರ್ತರ ಮುಂದೆಯೇ, ಬೇಕಾದರೆ ನನ್ನ ಕೆಲಸ ಬಿಟ್ಟುಕೊಡುತ್ತೇನೆ ಎನ್ನುವ ಅರ್ಥದಲ್ಲಿ ಮಾತಾಡಿದ. ಆಗಲೂ ತಂಡ ಆರಾಮಾಗಿ ಮೊದಲ ಸ್ಥಾನದಲ್ಲೇ ಇತ್ತು! ಅಕ್ಟೋಬರ್ ಶುರುವಿನಲ್ಲಿ ಗೋಯಾಸ್ ವಿರುದ್ಧ ಟಿಕಿನ್ಯೊನನ್ನೇ ಬೆಂಚಿನಲ್ಲಿ ಕೂರಿಸಿದ. ಪಂದ್ಯ ಡ್ರಾ ಆಯಿತು, ಕೋಚ್ ಮನೆಗೆ ಹೋದ. ಮುಂದೆ ಲೂಸಿಯೊ ಫ್ಲಾವಿಯೊ, ನವೆಂಬರ್‌ನಲ್ಲಿ ಟಿಯಾಗೊ ನೂನೆಸ್. ಒಂದೇ ಲೀಗಿಗೆ ಐದು ಕೋಚ್. ಮದುವೆ ಮನೆಯಲ್ಲಿ ಊಟದ ಹೊತ್ತಿಗೆ ಅಡುಗೆಭಟ್ಟರನ್ನು ಬದಲಾಯಿಸುತ್ತಾ ಹೋದರೆ ಸಾರಿಗೆ ಉಪ್ಪು ಯಾರು ನೋಡಬೇಕು?

ಆಮೇಲೆ ಬಂತು ನವೆಂಬರ್ 1ರ ರಾತ್ರಿ. ಇಲ್ಲಿ ನಮಗೆ ರಾಜ್ಯೋತ್ಸವ ಮುಗಿದು 2ರ ಬೆಳಗು. ರಿಯೊದಲ್ಲಿ ಸ್ವಂತ ಅಂಗಳದಲ್ಲೇ, ಬೆನ್ನಟ್ಟಿ ಬರುತ್ತಿದ್ದ ಪಾಲ್ಮೇರಾಸ್ ಎದುರು ಪಂದ್ಯ. ಅರ್ಧ ವೇಳೆಗೆ ಬೊಟಾಫೊಗೊ 3-0. ಎಡ್ವಾರ್ಡೊ, ಚೆ ಚೆ, ಜೂನಿಯರ್ ಸಾಂಟೋಸ್, ಮೂವರದ್ದೂ ಒಂದೊಂದು. ಜನ ಹಾಡುತ್ತಿದ್ದರು. ನೀನು ನೋಡಬೇಕಾದ್ದು ಎರಡನೇ ಅರ್ಧ. ಪಾಲ್ಮೇರಾಸ್‌ನ 17 ವರ್ಷದ ಎಂಡ್ರಿಕ್ ಇದ್ದಾನಲ್ಲ, ಮುಂದೆ ನಿನ್ನ ರಿಯಲ್ ಮ್ಯಾಡ್ರಿಡ್‌ಗೆ ಹೋದವನು, ಅವನು ವಿರಾಮ ಮುಗಿದ ಕೆಲವೇ ನಿಮಿಷದಲ್ಲಿ ಎದುರಾಳಿಗಳ ನಡುವೆ ನುಸುಳಿಕೊಂಡು ಹೋಗಿ ಒಂದು ಹೊಡೆದ. 3-1. ಆಮೇಲೆ ಬೊಟಾಫೊಗೊದ ಡಿಫೆಂಡರ್ ಅಡ್ರಿಯೆಲ್ಸನ್‌ಗೆ ರೆಡ್ ಕಾರ್ಡ್. ಹತ್ತೇ ಜನ ಉಳಿದರೂ ಒಂದು ಪೆನಾಲ್ಟಿ ಸಿಕ್ಕಿತು ನೋಡು. ಅದು ಒಳಗೆ ಹೋಗಿದ್ದರೆ 4-1, ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಒದ್ದವನು ಟಿಕಿನ್ಯೊ. ಗೋಲಿ ವೆವರ್ಟನ್ ತಡೆದುಬಿಟ್ಟ. ಅದರ ಬೆನ್ನಿಗೇ ಎಂಡ್ರಿಕ್ ಎರಡನೆಯದು ಹೊಡೆದ. 89ನೇ ನಿಮಿಷಕ್ಕೆ ಫ್ಲಾಕೊ ಲೋಪೆಜ್ ಸರಿಸಮ ಮಾಡಿದ. ಇಂಜುರಿ ಟೈಮ್‌ನ ಒಂಬತ್ತನೇ ನಿಮಿಷದಲ್ಲಿ ಮುರಿಲೊ ಗೆಲುವಿನ ಗೋಲು. 3-4.

ಟೆಕ್ಸ್ಟರ್ ಮೈದಾನಕ್ಕೇ ಇಳಿದು ರೆಫರಿಗಳ ಮೇಲೆ ಕೂಗಾಡಿದ. ನನಗೆ ಅದು ಹಿಡಿಸಲಿಲ್ಲ. ಮಾಲೀಕನೇ "ಮೋಸ" ಅಂತ ಅರಚಿದ ಮೇಲೆ ಆಟಗಾರರು ಇನ್ನೇನು ನಂಬಬೇಕು? ತಮ್ಮ ಕೈಯಲ್ಲಿ ಏನೂ ಇಲ್ಲ ಅಂತ ತಾನೇ?

ವಾರ ಕಳೆದ ಮೇಲೆ ಗ್ರೆಮಿಯೊ ಎದುರು ಇನ್ನೊಂದು. 3-1 ಮುಂದಿದ್ದು ಮತ್ತೆ 3-4. ಈ ಸಲ ಹೊಡೆದವನು ಲೂಯಿಸ್ ಸುವಾರೆಜ್, ದ್ವಿತೀಯಾರ್ಧದಲ್ಲೇ ಮೂರು ಗೋಲು. 36 ವರ್ಷ, ಮಂಡಿ ಕೈಕೊಟ್ಟ ಮುದುಕ ಅಂತ ನೀನು ಆಡಿಕೊಳ್ಳುತ್ತಿದ್ದೆ ಅಲ್ವಾ? ಆ ಲೀಗಿನಲ್ಲಿ 17 ಗೋಲು ಹೊಡೆದ ಪುಣ್ಯಾತ್ಮ. ಹಿಂದಿನ ವರ್ಷವಷ್ಟೇ ಎರಡನೇ ಡಿವಿಷನ್‌ನಲ್ಲಿದ್ದ ಗ್ರೆಮಿಯೊ ಅವನ ಹೆಗಲೇರಿ ಎರಡನೇ ಸ್ಥಾನಕ್ಕೆ ಬಂತು.

ಉಳಿದದ್ದನ್ನು ಹೇಳಲು ನನಗೇ ಕಷ್ಟ. ಸಾಂಟೋಸ್ ಕ್ಲಬ್ ಜತೆ ಕೊನೇ ಗಳಿಗೆಯ ಡ್ರಾ. ಕೊರಿಟಿಬಾ ವಿರುದ್ಧವಂತೂ ಇಂಜುರಿ ಟೈಮ್‌ನಲ್ಲಿ ಪೆನಾಲ್ಟಿಯಿಂದ ಮುಂದೆ ಹೋಗಿ, ಇನ್ನೆರಡು ನಿಮಿಷದಲ್ಲಿ ಗೋಲು ಬಿಟ್ಟುಕೊಟ್ಟರು. ಕೊನೆಯ 11 ಪಂದ್ಯಗಳಲ್ಲಿ ಒಂದೂ ಗೆಲುವಿಲ್ಲ, 6 ಡ್ರಾ, 5 ಸೋಲು. ಮೊದಲರ್ಧದಲ್ಲಿ 47 ಅಂಕ, ಎರಡನೇ ಅರ್ಧದಲ್ಲಿ ಬರೀ 17. ಪಾಲ್ಮೇರಾಸ್ 70 ಅಂಕಕ್ಕೆ ಚಾಂಪಿಯನ್, ಬೊಟಾಫೊಗೊ 64ಕ್ಕೆ ಐದನೇ ಸ್ಥಾನ. ಲೆಕ್ಕ ಹಾಕು, ಆ 11ರಲ್ಲಿ ಬರೀ ನಾಲ್ಕು ಡ್ರಾಗಳನ್ನು ಗೆಲುವು ಮಾಡಿಕೊಂಡಿದ್ದರೂ ಕಪ್ ಅವರದೇ ಆಗುತ್ತಿತ್ತು.

ರಿಯೊದಲ್ಲಿ ಒಂದು ಹಳೇ ಮಾತಿದೆ, "ಕೆಲವು ಸಂಗತಿಗಳು ಬೊಟಾಫೊಗೊಗೆ ಮಾತ್ರ ಆಗುತ್ತವೆ" ಅಂತ. ಆ ಕ್ಲಬ್ಬಿನವರ ಶಕುನದ ಹುಚ್ಚು ಇವತ್ತಿನದಲ್ಲ. 1948ರಲ್ಲಿ ಅಧ್ಯಕ್ಷ ಕಾರ್ಲಿಟೊ ರೋಶಾ, ಬಿರಿಬಾ ಎಂಬ ಕಪ್ಪು ಬಿಳಿ ನಾಯಿಯನ್ನು ಅದೃಷ್ಟಕ್ಕೆ ಅಂತ ಪಂದ್ಯಕ್ಕೆ ಕರೆದೊಯ್ಯುತ್ತಿದ್ದ. ಆ ವರ್ಷ ರಿಯೊ ಪಟ್ಟ ಗೆದ್ದೂಬಿಟ್ಟರು! ಒತ್ತಡ ಇತ್ತು ಅಂತ ನಾನೂ ಒಪ್ಪುತ್ತೇನೆ. ಆದರೆ ಒಂದು ಗೋಲು ಬಿದ್ದ ಕೂಡಲೇ "ಶುರುವಾಯ್ತಪ್ಪ" ಅಂತ ಕ್ರೀಡಾಂಗಣವೇ ನಡುಗುವ ಕಡೆ, ಆಟಗಾರರಿಗೆ ಧೈರ್ಯ ಹೇಳಲು ಒಬ್ಬ ಗಟ್ಟಿ ಕೋಚ್ ಬೇಕಿತ್ತು. ಪಾಲ್ಮೇರಾಸ್‌ಗೆ ಏಬೆಲ್ ಫೆರೇರಾ ಇದ್ದ, 2020ರಿಂದ ಅದೇ ಕುರ್ಚಿಯಲ್ಲಿ. ನನ್ನ ಪ್ರಕಾರ ಲೀಗ್ ತೀರ್ಮಾನವಾದದ್ದು ಅಲ್ಲಿ.

2023ರ ಆ ಲೀಗಿನ ಕೊನೆಯ ದಿನ, ಡಿಸೆಂಬರ್ 6ರ ರಾತ್ರಿ, ಇನ್ನೂ ದೊಡ್ಡ ಪೆಟ್ಟು ಬಿದ್ದದ್ದು ಪೆಲೆ ಆಡಿದ ಕ್ಲಬ್ ಸಾಂಟೋಸ್‌ಗೆ. ಪೆಲೆ ತೀರಿಕೊಂಡು ಇನ್ನೂ ಒಂದು ವರ್ಷ ತುಂಬಿರಲಿಲ್ಲ. 1912ರಲ್ಲಿ ಹುಟ್ಟಿದ ಕ್ಲಬ್ ಒಮ್ಮೆಯೂ ಕೆಳಗಿಳಿದಿರಲಿಲ್ಲ. ಸ್ವಂತ ಮೈದಾನದಲ್ಲಿ ಫೋರ್ಟಲೇಜಾಗೆ 1-2ರಿಂದ ಸೋತರು. ಬಾಹಿಯಾ, ವಾಸ್ಕೊ ಎರಡೂ ಗೆದ್ದು ಪಾರಾದವು. ಹೊರಗೆ ಕಾರುಗಳಿಗೆ ಬೆಂಕಿ. ಅದನ್ನು ಬರೆಯಲು ಬೇರೆಯೇ ಪತ್ರ ಬೇಕು.

ಮರುವರ್ಷದ್ದು ನಿನಗೆ ಗೊತ್ತೇ ಇಲ್ಲ ಅಂತ ಕಾಣುತ್ತೆ. 2024ರಲ್ಲಿ ಆರ್ತುರ್ ಜಾರ್ಜ್ ಕೋಚ್. ಮತ್ತೆ ಬೊಟಾಫೊಗೊ ಮುಂದೆ, ಮತ್ತೆ ಪಾಲ್ಮೇರಾಸ್ ಹಿಂದೆಯೇ ಬಂದು ದಾಟಿತು. ಎಲ್ಲರೂ ತಲೆಮೇಲೆ ಕೈಹೊತ್ತರು. ನವೆಂಬರ್ 26ಕ್ಕೆ ಪಾಲ್ಮೇರಾಸ್ ಅಂಗಳಕ್ಕೇ ಹೋಗಿ 3-1 ಹೊಡೆದು ಬಂದರು. ನಾಲ್ಕು ದಿನ ಬಿಟ್ಟು ಬ್ಯೂನಸ್ ಐರಿಸ್‌ನಲ್ಲಿ ಲಿಬರ್ಟಡೋರೆಸ್ ಫೈನಲ್, ದಕ್ಷಿಣ ಅಮೆರಿಕದ ಕ್ಲಬ್‌ಗಳ ಅತಿ ದೊಡ್ಡ ಟೂರ್ನಿ ಅದು. ಮೊದಲ ನಿಮಿಷವೂ ಮುಗಿಯುವ ಮೊದಲೇ ಗ್ರೆಗೊರೆಗೆ ರೆಡ್ ಕಾರ್ಡ್, ಉಳಿದ ಹೊತ್ತೆಲ್ಲ ಹತ್ತೇ ಜನ, ಆದರೂ ಅಟ್ಲೆಟಿಕೊ ಮಿನೇರೊ ಮೇಲೆ 3-1. ಡಿಸೆಂಬರ್ 8ಕ್ಕೆ ಲೀಗ್ ಕೂಡ ಅವರದೇ, 79 ಅಂಕ. ಹತ್ತೇ ಜನ ಉಳಿದಾಗ ಹಿಂದಿನ ವರ್ಷ ಏನಾಗಿತ್ತು ಅಂತ ಮೇಲೆ ಓದಿದೆಯಲ್ಲ.

ಭಾನುವಾರ ಫೋನ್ ಮಾಡ್ತೀನಿ. ಅಷ್ಟರೊಳಗೆ ಆ 3-4 ಪಂದ್ಯದ ಎರಡನೇ ಅರ್ಧ ಪೂರ್ತಿ ನೋಡು, ಬರೀ ಗೋಲುಗಳ ತುಣುಕಲ್ಲ. ಆಮೇಲೆ ಜಗಳ ಮಾಡೋಣ.

ಇಂತಿ ನಿನ್ನ,
ಹಳೇ ದೋಸ್ತ