ಕೈಯಲ್ಲಿ ಹಿಡಿದು ತೆಗೆದ ಚಿತ್ರ ಮಸುಕಾಗದಿರಲಿ

ಮಾನ್ಯ ಸಂಪಾದಕರೇ,

ಬೇಲೂರು, ಹಳೇಬೀಡು ಮತ್ತು ಸೋಮನಾಥಪುರದ ಹೊಯ್ಸಳ ದೇವಾಲಯಗಳು 2023ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಮೇಲೆ, ಓದುಗರು ತೆಗೆದ ಅಲ್ಲಿನ ಚಿತ್ರಗಳನ್ನು ತಾವು ಆಗಾಗ ಪ್ರಕಟಿಸುತ್ತಿರುವುದು ಸಂತೋಷದ ಸಂಗತಿ. ಆದರೆ ಹೊರಗೋಡೆಯ ಚಿತ್ರಗಳಲ್ಲಿ ಎದ್ದು ಕಾಣುವ ಸ್ಪಷ್ಟತೆ, ನವರಂಗದ (ಕಂಬಗಳಿರುವ ಒಳಮಂಟಪದ) ಒಳಗೆ ತೆಗೆದವುಗಳಲ್ಲಿ ಹೆಚ್ಚಿನ ಸಲ ಇರುವುದಿಲ್ಲ. ಇದಕ್ಕೆ ಕ್ಯಾಮೆರಾ ಅಗ್ಗದ್ದೆಂಬುದು ಕಾರಣವಲ್ಲ ಎಂದು ತಿಳಿಸಲು ಈ ಪತ್ರ ಬರೆಯುತ್ತಿದ್ದೇನೆ.

ಬೇಲೂರಿನ ನವರಂಗಕ್ಕೆ ಬೆಳಕು ಬರುವುದು ಬಾಗಿಲುಗಳಿಂದ ಮತ್ತು ಜಾಲಂಧ್ರಗಳೆಂಬ ರಂಧ್ರವಿರುವ ಕಲ್ಲಿನ ಕಿಟಕಿಗಳಿಂದ ಮಾತ್ರ. ಆ ಮಬ್ಬಿನಲ್ಲಿ ಆಟೊ ಮೋಡ್‌ನಲ್ಲಿರುವ ಕ್ಯಾಮೆರಾ ಶಟರ್ ವೇಗವನ್ನು, ಅಂದರೆ ಬೆಳಕು ಒಳಬರಲು ಬಿಡುವ ಅವಧಿಯನ್ನು, ಸೆಕೆಂಡಿನ 1/10 ಭಾಗಕ್ಕೋ 1/15 ಭಾಗಕ್ಕೋ ಇಳಿಸಿಬಿಡಬಹುದು. ಅಷ್ಟು ಹೊತ್ತು ಅಲುಗದೆ ಹಿಡಿಯುವುದು ಅಭ್ಯಾಸವಿದ್ದವರಿಗೂ ಕಷ್ಟ. ಪುರಾತತ್ವ ಸರ್ವೇಕ್ಷಣ ಇಲಾಖೆಯ ಸ್ಮಾರಕಗಳಲ್ಲಿ ಟ್ರೈಪಾಡ್ ಬಳಸಲು ಮುಂಚಿತವಾಗಿ ಅನುಮತಿ ಪಡೆಯಬೇಕಾದ್ದರಿಂದ, ಸಾಮಾನ್ಯ ಪ್ರವಾಸಿಗೆ ಕೈಯೇ ಆಧಾರ. ಫ್ಲ್ಯಾಷ್ ಇಲ್ಲಿ ಉಪಯೋಗಕ್ಕೆ ಬಾರದು: ನುಣುಪಾದ ಕಂಬಗಳ ಮೇಲೆ ಅದು ಬಿಳಿ ಹೊಳಪಾಗಿ ಪ್ರತಿಫಲಿಸುತ್ತದೆ, ಕೆತ್ತನೆಯ ಆಳವನ್ನೂ ಅಳಿಸುತ್ತದೆ.

ಶಟರ್ ವೇಗ, ಒಂದನ್ನು ಲೆನ್ಸಿನ ಫೋಕಲ್ ಲೆಂಗ್ತ್‌ನಿಂದ (ಲೆನ್ಸಿನ ಮೇಲೆ ಮಿ.ಮೀ.ಗಳಲ್ಲಿ ಬರೆದಿರುವ ಅಂಕಿಯಿಂದ) ಭಾಗಿಸಿದಷ್ಟು ಸೆಕೆಂಡಿಗಿಂತ ನಿಧಾನವಾಗಬಾರದೆಂಬುದು ಛಾಯಾಗ್ರಾಹಕರು ಬಹುಕಾಲದಿಂದ ಪಾಲಿಸುತ್ತಿರುವ ಲೆಕ್ಕ. 50 ಮಿ.ಮೀ. ಲೆನ್ಸಿಗೆ 1/50 ಸೆಕೆಂಡ್ ಸಾಕು. ಸೆನ್ಸರ್ ಚಿಕ್ಕದಾಗಿರುವ ಎಪಿಎಸ್-ಸಿ ಕ್ಯಾಮೆರಾಗಳಲ್ಲಿ ಅದೇ ಲೆನ್ಸಿಗೆ 1/80 ಬೇಕು. ಲೆನ್ಸಿನ ಸ್ಥಿರೀಕರಣ ಸೌಲಭ್ಯ ನಮ್ಮ ಕೈಯ ಅಲುಗಾಟವನ್ನು ತಗ್ಗಿಸುತ್ತದೆಯೇ ಹೊರತು, ಎದುರಿಗೆ ಪ್ರದಕ್ಷಿಣೆ ಬರುತ್ತಿರುವ ಭಕ್ತರ ಚಲನೆಯನ್ನಲ್ಲ.

ಬೇಕಾದ ವೇಗ ಸಿಗಲು ಐಎಸ್‌ಒವನ್ನು (ಕ್ಯಾಮೆರಾ ಬೆಳಕಿಗೆ ಎಷ್ಟು ಸೂಕ್ಷ್ಮವಾಗಿ ಸ್ಪಂದಿಸುತ್ತದೆಂಬ ಅಂಕಿಯನ್ನು) 1600ಕ್ಕೆ, ಅಗತ್ಯವಿದ್ದರೆ 3200ಕ್ಕೆ ಏರಿಸಬೇಕು. ಚಿತ್ರ ಚುಕ್ಕಿ ಚುಕ್ಕಿಯಾಗುತ್ತದೆಂಬ ಭಯದಿಂದ ಬಹಳ ಮಂದಿ ಇದನ್ನು 100 ಅಥವಾ 200ರಲ್ಲೇ ಬಿಟ್ಟಿರುತ್ತಾರೆ, ಮತ್ತು ನನ್ನ ದೃಷ್ಟಿಯಲ್ಲಿ ಚಿತ್ರಗಳು ಹಾಳಾಗಲು ಈ ಭಯವೇ ಮುಖ್ಯ ಕಾರಣ. ಚುಕ್ಕಿಗಳನ್ನು ಆಮೇಲೆ ಕಂಪ್ಯೂಟರಿನಲ್ಲಿ ಬಹುಮಟ್ಟಿಗೆ ಕಡಿಮೆ ಮಾಡಬಹುದು. ಆದರೆ ಮದನಿಕೆಯ ಕೊರಳಹಾರದ ಮಣಿಗಳು ಅಲುಗಾಟದಿಂದ ಒಂದೇ ಗೆರೆಯಾಗಿ ಕಲಸಿಹೋದರೆ, ಅವುಗಳನ್ನು ಇದ್ದ ಹಾಗೆ ಮತ್ತೆ ಬಿಡಿಸಿ ತೋರಿಸುವುದು ಅಸಾಧ್ಯವೆಂದೇ ಹೇಳಬೇಕು. ಕ್ಯಾಮೆರಾದೊಂದಿಗೆ ಬರುವ ಸಾಮಾನ್ಯ ಜೂಮ್ ಲೆನ್ಸುಗಳಲ್ಲಿ ಜೂಮ್ ಮಾಡಿದಂತೆ ಅಪರ್ಚರ್ (ಬೆಳಕು ಹಾಯುವ ರಂಧ್ರ) ಎಫ್/3.5ರಿಂದ ಎಫ್/5.6ಕ್ಕೆ ಕಿರಿದಾಗಿ ಬೆಳಕು ಅರ್ಧಕ್ಕಿಂತ ಕಡಿಮೆಯಾಗುವುದರಿಂದ, ಸಾಧ್ಯವಿದ್ದಲ್ಲಿ ನಾಲ್ಕು ಹೆಜ್ಜೆ ಮುಂದೆ ಹೋಗುವುದು ಮೇಲು.

ಹಿಡಿಯುವ ರೀತಿಯೂ ಮುಖ್ಯ. ಎಡಗೈ ಲೆನ್ಸಿನ ಕೆಳಗಿರಲಿ, ಮೊಣಕೈಗಳು ಪಕ್ಕೆಗೆ ಒತ್ತಿರಲಿ. ನೆಲದ ಮೇಲೆ ಕುಳಿತು ಅವನ್ನು ಮಂಡಿಗೆ ಊರಿದರೆ ಇನ್ನೂ ಒಳ್ಳೆಯದು. ಶತಮಾನಗಳಷ್ಟು ಹಳೆಯ ಕಂಬಗಳಿಗೆ ಮಾತ್ರ ದಯವಿಟ್ಟು ಒರಗಬೇಡಿ. ಭುವನೇಶ್ವರಿಯ, ಅಂದರೆ ನವರಂಗದ ಕೆತ್ತನೆಯ ಛಾವಣಿಯ, ಚಿತ್ರಕ್ಕೆ ಸುಲಭ ಉಪಾಯವೊಂದಿದೆ: ದಾರಿಗೆ ಅಡ್ಡವಾಗದ ಕಡೆ ಮಡಿಸಿದ ಕರವಸ್ತ್ರದ ಮೇಲೆ ಲೆನ್ಸ್ ಮೇಲ್ಮುಖವಾಗಿರುವಂತೆ ಕ್ಯಾಮೆರಾವನ್ನು ಮಲಗಿಸಿ, 2 ಸೆಕೆಂಡಿನ ಟೈಮರ್ ಇಟ್ಟು ಕೈ ತೆಗೆದರೆ, ಕಡಿಮೆ ಐಎಸ್‌ಒದಲ್ಲೂ ಛಾವಣಿಯ ಕೆತ್ತನೆ ಸ್ಪಷ್ಟವಾಗಿ ಮೂಡುತ್ತದೆ.

ತಾವು ಓದುಗರಿಂದ ಚಿತ್ರಗಳನ್ನು ಆಹ್ವಾನಿಸುವಾಗ ಶಟರ್ ವೇಗ ಮತ್ತು ಐಎಸ್‌ಒ ವಿವರವನ್ನೂ ಕೇಳಿ, ಅದನ್ನು ಪ್ರಕಟವಾದ ಚಿತ್ರದ ಕೆಳಗೆ ಒಂದು ಸಾಲಿನಲ್ಲಿ ಅಚ್ಚು ಹಾಕಬೇಕೆಂದು ಕೋರುತ್ತೇನೆ.

ಇಂತಿ,
ತಮ್ಮ ಓದುಗ, ಹಾಸನ