ಒಲೆ ಕೊನೆಗೆ ಆರಿಸು: ಮಗಳಿಗೊಂದು ಪತ್ರ

ಯಾದಗಿರಿ
ದೀಪಾವಳಿ ಮುಗಿದ ವಾರ

ಪ್ರೀತಿಯ ಮಗಳಿಗೆ ಅವ್ವನ ಆಶೀರ್ವಾದಗಳು.

ನೀನೂ ಅಳಿಯಂದಿರೂ ಹಾಲು-ಮೊಸರು ಬಿಟ್ಟು ಹಸಿ ಆಹಾರಕ್ಕೇ ಹೋಗಬೇಕೆಂದು ನಿಶ್ಚಯಿಸಿದ್ದು ತಿಳಿಯಿತು. ಬೇಡ ಅನ್ನುವುದಿಲ್ಲ. ಆದರೆ ಬರುವ ಸೋಮವಾರದಿಂದ ಒಲೆಯನ್ನೇ ಹಚ್ಚುವುದಿಲ್ಲ ಅಂತ ಬರೆದಿದ್ದೀಯಲ್ಲ, ಅದೊಂದು ಬೇಡ. ಹಾಲು ಮತ್ತು ಬೆಂಕಿ ಎರಡನ್ನೂ ಒಂದೇ ದಿನ ಬಿಟ್ಟರೆ, ಮುಂದೆ ಸುಸ್ತಾದಾಗ, ಹೊಟ್ಟೆ ಉಬ್ಬಿದಾಗ ಯಾವುದರಿಂದ ಆಯಿತೆಂದು ತಿಳಿಯುವುದೇ ಇಲ್ಲ. ಮೊದಲು ಹಾಲು ಬಿಡಿ, ಆಮೇಲೆ ಬೆಂಕಿ ಕಡಿಮೆ ಮಾಡಿ. ಬೇಳೆ ಮತ್ತು ಜೋಳದ ಕೆಳಗಿನ ಬೆಂಕಿ ಎಲ್ಲಕ್ಕಿಂತ ಕೊನೆಗೆ. ಅದನ್ನು ಆರಿಸದೇ ಇದ್ದರೆ ಇನ್ನೂ ಒಳ್ಳೆಯದು. ಇಷ್ಟಕ್ಕೆ ಆರು ತಿಂಗಳು ಇಟ್ಟುಕೊಳ್ಳಿ.

ಹಸಿ ತಿನ್ನುವುದು ನಮ್ಮ ಕಡೆ ಹೊಸದಲ್ಲ. ರೊಟ್ಟಿಯ ಜೊತೆ ಹಕ್ಕರಕಿ, ಮೆಂತ್ಯ, ಉಳ್ಳಾಗಡ್ಡಿ ತಪ್ಪಲು, ಮೂಲಂಗಿ, ಸವತಿಕಾಯಿ ಹಸಿಯಾಗಿಯೇ ತಾಟಿಗೆ ಬರುತ್ತವೆ. ಪಚಡಿಗೆ ಶೇಂಗಾ ಹಿಂಡಿ ಉದುರಿಸಿ ಗಾಣದ ಕುಸುಬಿ ಎಣ್ಣೆ ಬಿಟ್ಟರೆ ಮುಗಿಯಿತು. ಮೊದಲ ತಿಂಗಳು ಅಷ್ಟನ್ನೇ ಹೆಚ್ಚಿಸಿ, ಏನನ್ನೂ ತೆಗೆಯಬೇಡಿ. ಮಧ್ಯಾಹ್ನ ರೊಟ್ಟಿ ಮುರಿಯುವ ಮುಂಚೆ ಒಬ್ಬೊಬ್ಬರಿಗೆ 100 ಗ್ರಾಂ ಪಚಡಿ, ವಾರಕ್ಕೆ 50 ಗ್ರಾಂ ಏರಿಸುತ್ತ 250 ಗ್ರಾಂವರೆಗೆ ತನ್ನಿ. ನಾರು ಒಮ್ಮೆಲೇ ಎರಡು ಪಟ್ಟಾದರೆ ಕರುಳು ತಡೆಯುವುದಿಲ್ಲ, ಗ್ಯಾಸ್ ಆಗಿ ಹೊಟ್ಟೆ ಹಿಂಡುತ್ತದೆ. ಹಸಿ ಆಹಾರ ಒಗ್ಗಲಿಲ್ಲ ಅನ್ನುವವರಲ್ಲಿ ಬಹಳ ಮಂದಿ ಎಡವುವುದು ಇಲ್ಲೇ.

ಶುರು ಮಾಡಲು ಇದೇ ಸರಿಯಾದ ಕಾಲ. ಈಗಿನಿಂದ ಎಳ್ಳಮವಾಸ್ಯೆ ದಾಟುವವರೆಗೆ ಕಡ್ಲಿ ತಪ್ಪಲು, ಗಜ್ಜರಿ, ಮೆಂತ್ಯ, ಎಳೆ ತೊಗರಿಕಾಯಿ, ಬೀದರ್ ಕಡೆಯ ಪೇರಲ, ಆಮೇಲೆ ಬಾರಿಹಣ್ಣು, ಎಲ್ಲವೂ ಸಿಗುತ್ತವೆ. ಏಪ್ರಿಲ್‌ನಲ್ಲಿ ಶುರು ಮಾಡಿದವರಿಗೆ ಸೊಪ್ಪು ತುಟ್ಟಿ, ಇದ್ದದ್ದೂ ಸಂಜೆಯೊಳಗೆ ಬಾಡುತ್ತದೆ.

ಒಂದು ಲೆಕ್ಕ ಮಾತ್ರ ಮರೆಯಬೇಡ. 50 ಗ್ರಾಂ ಹಿಟ್ಟಿನ ಒಂದು ಜೋಳದ ರೊಟ್ಟಿಯಲ್ಲಿ ಸುಮಾರು 170 ಕ್ಯಾಲೊರಿ. ಒಂದು ಕಿಲೋ ಸವತಿಕಾಯಿಯಲ್ಲಿ 150. ಎರಡು ರೊಟ್ಟಿ ತೆಗೆದು ಆ ಜಾಗಕ್ಕೆ ಒಂದು ಬಟ್ಟಲು ಪಚಡಿ ಇಟ್ಟರೆ ಹೊಟ್ಟೆ ತುಂಬುತ್ತದೆ, ಮೈಗೆ ಏನೂ ಸೇರುವುದಿಲ್ಲ. ಮೂರನೇ ವಾರಕ್ಕೆ ತಲೆಸುತ್ತು, ಸಿಟ್ಟು, ಸಂಜೆ ಮಿರ್ಚಿ ಭಜಿಯ ಬಂಡಿ ಮುಂದೆ ನಿಲ್ಲುವುದು. ಅದನ್ನು ಮನಸ್ಸಿನ ದೌರ್ಬಲ್ಯ ಅನ್ನಬೇಡ, ಅದು ಬರೀ ಹಸಿವು. ರೊಟ್ಟಿ ತೆಗೆದ ಕಡೆ ಶೇಂಗಾ, ಎಳ್ಳು, ಕೊಬ್ಬರಿ, ಖರ್ಜೂರ, ಬಾಳೆಹಣ್ಣು ಬರಲೇಬೇಕು. 30 ಗ್ರಾಂ ಶೇಂಗಾ ಒಂದು ರೊಟ್ಟಿಯಷ್ಟೇ ಶಕ್ತಿ ಕೊಡುತ್ತದೆ, ಏಳು ಗ್ರಾಂ ಮೀರಿ ಪ್ರೋಟೀನ್ ಬೇರೆ. ಆರರಿಂದ ಎಂಟು ತಾಸು ನೆನೆಸಿ, ನೀರು ಚೆಲ್ಲಿ ತಿನ್ನಿ. ಸುಕ್ಕಾದ, ಬಣ್ಣಗೆಟ್ಟ, ಬೂಸ್ಟು ವಾಸನೆಯ ಕಾಳು ಒಂದೇ ಇದ್ದರೂ ಆರಿಸಿ ತೆಗೆ. ಆ ಬೂಸ್ಟಿನ ವಿಷ ಹುರಿದರೂ ಪೂರ್ತಿ ಹೋಗುವುದಿಲ್ಲ.

ಎರಡನೇ ತಿಂಗಳು ಹಾಲು. ಚಹಾದ ಹಾಲು ಬಿಡುವುದೇ ಕಷ್ಟ, ಅದಕ್ಕೆ ಅಲ್ಲಿಂದಲೇ ಶುರು ಮಾಡಿ. 100 ಗ್ರಾಂ ಶೇಂಗಾ ರಾತ್ರಿ ನೆನೆಸಿ, ಸಿಪ್ಪೆ ಉಜ್ಜಿ ತೆಗೆದು, 600 ಮಿಲಿ ನೀರು ಹಾಕಿ ರುಬ್ಬಿ ಸೋಸಿದರೆ ಹಾಲು. ಕುದಿಯುವ ಚಹಾಕ್ಕೆ ಇದನ್ನು ಸುರಿದರೆ ಒಡೆಯುತ್ತದೆ. ಹಾಲನ್ನೇ ಬೆಚ್ಚಗೆ ಮಾಡಿ, ಒಲೆಯಿಂದ ಇಳಿಸಿ, ಅದಕ್ಕೆ ಡಿಕಾಕ್ಷನ್ ಹನಿಸಬೇಕು. ಕುಸುಬಿ ಹುಗ್ಗಿಗೆ ಕುಸುಬಿ ರುಬ್ಬಿ ಹಾಲು ತೆಗೆಯುವುದು ನಿನಗೆ ಗೊತ್ತಿದ್ದದ್ದೇ. ಹೊಟ್ಟು ಒರಟು, ಎರಡು ಸಲ ಬಟ್ಟೆಯಲ್ಲಿ ಸೋಸಬೇಕು, ಅಷ್ಟೇ. ಆದರೆ ಈ ಹಾಲುಗಳಲ್ಲಿ ಕ್ಯಾಲ್ಸಿಯಂ ಬಹಳ ಕಡಿಮೆ. ಒಂದು ಲೋಟ ಆಕಳ ಹಾಲಿನಲ್ಲಿ 240 ಮಿಲಿಗ್ರಾಂ ಆಸುಪಾಸು ಇರುತ್ತದೆ. ಅದನ್ನು ಸಿಪ್ಪೆ ತೆಗೆಯದ ಎಳ್ಳು ದಿನಕ್ಕೆ ಎರಡು ದೊಡ್ಡ ಚಮಚ ಪುಡಿ ಮಾಡಿ, ಜೊತೆಗೆ ನುಗ್ಗಿ ಸೊಪ್ಪು, ಮೆಂತ್ಯದಿಂದ ತುಂಬಿಸಿಕೊಳ್ಳಬೇಕು. ಅಂಗಡಿಯ ಹೊಳೆಯುವ ಬಿಳಿ ಎಳ್ಳು ಸಿಪ್ಪೆ ತೆಗೆದದ್ದು, ಕ್ಯಾಲ್ಸಿಯಂ ಸಿಪ್ಪೆಯ ಜೊತೆಯೇ ಹೋಗಿರುತ್ತದೆ.

ಹಾಲು ಬಿಟ್ಟ ದಿನವೇ ಬಿ12 ಜೀವಸತ್ವದ ಮಾತ್ರೆ ಶುರುವಾಗಬೇಕು. ಇದರಲ್ಲಿ ಚೌಕಾಸಿ ಇಲ್ಲ. ಗಿಡಮೂಲದ ಯಾವ ಆಹಾರದಲ್ಲೂ ನಂಬುವಂಥ ಬಿ12 ಇಲ್ಲ, ಸ್ಪಿರುಲಿನಾ ಅಂತ ಮಾರುವ ಪಾಚಿಯ ಪುಡಿಯಲ್ಲೂ ಇಲ್ಲ. ದಿನಕ್ಕೆ 50 ಮೈಕ್ರೋಗ್ರಾಂ, ಇಲ್ಲವೇ ವಾರಕ್ಕೊಮ್ಮೆ 2000. ಮೈಯಲ್ಲಿನ ದಾಸ್ತಾನು ಕೆಲವು ವರ್ಷ ನಡೆಯುವುದರಿಂದ ಮೊದಲು ಏನೂ ಗೊತ್ತಾಗುವುದಿಲ್ಲ. ಮೇಲಾಗಿ ಹಸಿ ಸೊಪ್ಪು ತಿನ್ನುವವರಿಗೆ ಫೋಲೇಟ್ ಅನ್ನುವ ಇನ್ನೊಂದು ಬಿ ಜೀವಸತ್ವ ಬೇಕಾದಷ್ಟು ಸಿಗುತ್ತದೆ, ಅದು ರಕ್ತಹೀನತೆಯನ್ನು ಮುಚ್ಚಿಡುತ್ತದೆ, ಒಳಗೆ ನರ ಸವೆಯುತ್ತಲೇ ಇರುತ್ತದೆ. ಅಂಗಾಲು ಜುಮ್ಮೆನ್ನುವ ಹೊತ್ತಿಗೆ ತಡವಾಗಿರುತ್ತದೆ. ಔಷಧದಂಗಡಿಯಲ್ಲಿ ಬರೀ ಬಿ12 ಕೇಳು. ‘ನರದ ಗುಳಿಗೆ’ ಅಂತ ಕೊಡುವುದರಲ್ಲಿ ಬಹಳ ಸಲ ಪ್ರಿಗ್ಯಾಬಲಿನ್ ಸೇರಿರುತ್ತದೆ, ಅದು ನೋವಿನ ಔಷಧ, ನಿಮಗೆ ಬೇಡ. ಮೆತ್ತಗಿನ ಕ್ಯಾಪ್ಸೂಲ್‌ನ ಹೊದಿಕೆ ಸಾಮಾನ್ಯವಾಗಿ ಪ್ರಾಣಿಮೂಲದ ಜೆಲಟಿನ್, ಹಾಗಾಗಿ ಗಟ್ಟಿ ಮಾತ್ರೆಯನ್ನೇ ತೆಗೆದುಕೋ. ಉಪ್ಪು ಅಯೋಡಿನ್ ಇರುವುದೇ ಇರಲಿ. ಸೈಂಧವ ಉಪ್ಪಿಗೆ ಬದಲಾಯಿಸಿದರೆ ಅದೂ ತಪ್ಪಿಹೋಗುತ್ತದೆ.

ಈಗ ಮೊಳಕೆ ಕಾಳು. ಮೂರನೇ ತಿಂಗಳಿಂದ ಇದೇ ನಿಮ್ಮ ಬೆಳಗಿನ ತಿಂಡಿ ಆಗುವುದರಿಂದ ವಿವರವಾಗಿ ಬರೆಯುತ್ತೇನೆ. ಇಬ್ಬರಿಗೆ 100 ಗ್ರಾಂ ಹೆಸರು ಅಥವಾ ಮಡಕಿ ಸಾಕು, ಮೊಳೆತ ಮೇಲೆ ಸುಮಾರು ಎರಡೂವರೆ ಪಟ್ಟು ಆಗುತ್ತದೆ. ಮೂರು ಸಲ ತೊಳೆದು, ಚಳಿಗಾಲದಲ್ಲಿ ಎಂಟು ತಾಸು, ಬೇಸಿಗೆಯಲ್ಲಿ ಆರು ತಾಸು ಕುಡಿಯುವ ನೀರಿನಲ್ಲಿ ನೆನೆಸು. ನೆನೆದ ಮೇಲೆ ತಾಟಿನಲ್ಲಿ ಹರಡಿ, ಉಬ್ಬದೆ ಕಲ್ಲಿನಂತೆ ಉಳಿದ ಕಾಳು ಆರಿಸು, ಹಲ್ಲು ಒಡೆಯುವುದು ಅದರಿಂದಲೇ. ಬಟ್ಟೆ ತೆಳುವಾಗಿರಲಿ, ಗಂಟು ಸಡಿಲವಾಗಿರಲಿ. ಬಿಗಿದು ಕಟ್ಟಿದರೆ ನಡುವೆ ಗಾಳಿ ಆಡದೆ ಬಿಸಿಯಾಗಿ ಲೋಳೆ ಬರುತ್ತದೆ. ಆರು ತಾಸಿಗೊಮ್ಮೆ ಬಿಚ್ಚಿ ನೀರು ಹನಿಸಿ ಮತ್ತೆ ಕಟ್ಟು. ಚಳಿಯಲ್ಲಿ 16ರಿಂದ 20 ತಾಸು ಬೇಕು, ಮೇ ತಿಂಗಳ ಸೆಕೆಯಲ್ಲಿ ಎಂಟೇ ತಾಸು, ಅದೂ ಗಡಿಗೆಯ ಪಕ್ಕದ ತಂಪಿನಲ್ಲಿ. ಮೊಳಕೆ ಅರ್ಧ ಇಂಚು ಬಂದಾಗ ತಿನ್ನಬೇಕು. ಫ್ರಿಜ್ಜಿನಲ್ಲಿ ಎರಡು ದಿನ, ಮೂರನೇ ದಿನ ಬೇಡ. ಹುಳಿ ವಾಸನೆ ಬಂದದ್ದನ್ನು ತೊಳೆದು ಉಳಿಸಲು ಹೋಗಬೇಡ.

ಮೊಳಕೆ ಬರಿಸುವ ಬೆಚ್ಚಗಿನ ತೇವವೇ ರೋಗಾಣುಗಳಿಗೂ ಹಿತ. 2011ರಲ್ಲಿ ಜರ್ಮನಿಯಲ್ಲಿ ಮೆಂತ್ಯದ ಮೊಳಕೆ ತಿಂದವರಲ್ಲಿ ಇ. ಕೋಲಿ ಹರಡಿ ಹಲವರು ಸತ್ತರು. ಸ್ವಚ್ಛ ಅಡಿಗೆಮನೆಯಲ್ಲೂ ರೋಗ ಬೀಜದ ಒಳಗಿನಿಂದಲೇ ಬರಬಹುದು. ಮಳೆಗಾಲದ ಮೂರು ತಿಂಗಳು ಮೊಳಕೆಯನ್ನು ಐದು ನಿಮಿಷ ಹಬೆಗೆ ಇಟ್ಟೇ ತಿನ್ನಿ. ಅದರಿಂದ ನಿಮ್ಮ ನೇಮ ಕೆಡುವುದಿಲ್ಲ.

ಎಲ್ಲ ಕಾಳೂ ಹೆಸರಿನಂತಲ್ಲ. ರಾಜ್ಮಾ ಹಸಿಯಾಗಿ, ಮೊಳಕೆಯಾಗಿ, ಅರೆಬೆಂದು, ಹೇಗೂ ಬೇಡ. ನಾಲ್ಕೈದು ಕಾಳಿಗೇ ವಾಂತಿ ಹಿಡಿಯುತ್ತದೆ. ಒಣ ಅವರೆಯೂ ಹಾಗೆಯೇ. ಎಳೆಯ ಹಸಿ ತೊಗರಿ ಒಂದು ಹಿಡಿ ತಿನ್ನಬಹುದು, ಬಲಿತದ್ದನ್ನು ಕುದಿಸಲೇಬೇಕು. ಪ್ರೋಟೀನ್ ಜೀರ್ಣವಾಗದಂತೆ ತಡೆಯುವ ಅಂಶ ಅದರಲ್ಲಿದೆ, ಬೆಂಕಿಗೆ ಮಾತ್ರ ಅದು ಸೋಲುತ್ತದೆ. ಎಲ್ಲಕ್ಕಿಂತ ಮುಖ್ಯ, ಜೋಳ. ಗೋಧಿ ಮೊಳಕೆ ತಿನ್ನುವವರನ್ನು ನೋಡಿ ಜೋಳವನ್ನೂ ಮೊಳಕೆ ಬರಿಸಿ ತಿನ್ನಬೇಡ. ಎಳೆ ಜೋಳ ಮೇಯ್ದ ದನ ಸಾಯುವುದು ಹೊಲ ಇದ್ದವರಿಗೆಲ್ಲ ಗೊತ್ತು. ಆ ಚಿಗುರಿನಲ್ಲಿ ಸಯನೈಡ್ ಹುಟ್ಟುತ್ತದೆ, ಮೊಳಕೆಯಲ್ಲೂ ಅದೇ. ಜೋಳ ನಮಗೆ ರೊಟ್ಟಿಯಾಗಿಯೇ ಒಳ್ಳೆಯದು. ಸೋರೆಕಾಯಿ ರಸ ತೆಗೆಯುವ ಮುಂಚೆ ಒಂದು ಚೂರು ನಾಲಿಗೆಗೆ ಹಚ್ಚಿ ನೋಡು. ಕಹಿ ಇದ್ದರೆ ಪೂರ್ತಿ ಕಾಯಿ ಚೆಲ್ಲಬೇಕು, ಕಹಿ ರಸ ಕುಡಿದು ಜೀವ ಹೋದವರಿದ್ದಾರೆ.

ಪಾಲಕ್ ರಸ ದಿನಾ ಒಂದು ಲೋಟ ಅಂತ ಬರೆದಿದ್ದೀ. ಬೇಡ. ಪಾಲಕ್, ರಾಜಗಿರಿ, ಪುಂಡಿಪಲ್ಯದಂಥ ಸೊಪ್ಪುಗಳಲ್ಲಿ ಆಕ್ಸಲೇಟ್ ಅನ್ನುವ, ಕಲ್ಲು ಕಟ್ಟಿಸುವ ಅಂಶ ಹೆಚ್ಚು, ಕುದಿಸಿ ನೀರು ಬಸಿದರೆ ಸಾಕಷ್ಟು ಹೋಗುತ್ತದೆ, ಹಸಿಯಲ್ಲಿ ಪೂರ್ತಿ ಉಳಿಯುತ್ತದೆ. 42 ಡಿಗ್ರಿ ಬಿಸಿಲಲ್ಲಿ ಬೆವರು ಸುರಿಸಿ, ನೀರು ಕಡಿಮೆ ಕುಡಿದು, ಮೇಲೆ ಈ ರಸ ಕುಡಿದರೆ ಕಿಡ್ನಿಯಲ್ಲಿ ಕಲ್ಲು ಕಟ್ಟಲು ಇನ್ನೇನು ಬೇಕು. ಹಸಿಯಾಗಿ ಮೆಂತ್ಯ, ಕೊತ್ತಂಬರಿ, ಉಳ್ಳಾಗಡ್ಡಿ ತಪ್ಪಲು ತಿನ್ನಿ. ಪುಂಡಿಪಲ್ಯಕ್ಕೆ ಒಲೆಯೇ ಸರಿ.

ತೊಳೆಯುವುದರಲ್ಲಿ ಅವಸರ ಮಾಡಬೇಡ. ಸಂತೆಯ ಸೊಪ್ಪು ಯಾವ ನೀರಿನಲ್ಲಿ ಬೆಳೆದದ್ದೋ ತಿಳಿಯದು. ಲಾಡಿಹುಳದ ಮೊಟ್ಟೆ ಹೊಟ್ಟೆಗೆ ಹೋದರೆ ಮರಿ ಮಿದುಳಿನಲ್ಲಿ ಗಂಟು ಕಟ್ಟಿ ಮೂರ್ಛೆ ತರುತ್ತದೆ. ಉಪ್ಪು-ಅರಿಶಿಣದ ನೀರಿಗೆ ಆ ಮೊಟ್ಟೆ ಜಗ್ಗುವುದಿಲ್ಲ. ಎಲೆ ಬಿಡಿಸಿ, ನಲ್ಲಿಯ ನೀರಿನಡಿ ಒಂದೊಂದಾಗಿ ಬೆರಳಿನಿಂದ ಉಜ್ಜು. ಗಜ್ಜರಿ, ಮೂಲಂಗಿಯ ಸಿಪ್ಪೆ ಹೆರೆ. ಕೊನೆಯ ಸಲ ಕುಡಿಯುವ ನೀರಿನಿಂದಲೇ ತೊಳೆ. ಮಳೆಗಾಲದಲ್ಲಿ ಪದರಪದರದ ಕೋಸು ಹಸಿಯಾಗಿ ಬೇಡವೇ ಬೇಡ.

ರೊಟ್ಟಿಯ ಬದಲಿಗೆ ಮುರಿದು ತಿನ್ನಲು ಏನಾದರೂ ಬೇಕೆನಿಸಿದಾಗ ಅಗಸಿಯದು ಮಾಡು. 100 ಗ್ರಾಂ ಅಗಸಿ ತರಿತರಿಯಾಗಿ ಪುಡಿ ಮಾಡಿ, 200 ಮಿಲಿ ನೀರಿನಲ್ಲಿ ಎರಡು ತಾಸು ಬಿಟ್ಟರೆ ಗೋಂದಿನಂತಾಗುತ್ತದೆ. ಒಂದು ಗಜ್ಜರಿ ತುರಿದು ಹಿಂಡಿ ಹಾಕು, ಹೆಚ್ಚಿದ ಮೆಂತ್ಯ, ಜೀರಿಗೆ, ಉಪ್ಪು ಕಲಸು. ಎಣ್ಣೆ ಸವರಿದ ತಾಟಿನ ಮೇಲೆ ನಾಲ್ಕಾಣೆ ನಾಣ್ಯದ ದಪ್ಪಕ್ಕೆ ತಟ್ಟಿ, ಮೇಲೆ ಬಿಳಿ ಬಟ್ಟೆ ಹೊದಿಸಿ ಮಾಳಿಗೆ ಮೇಲೆ ಹೊರಸಿನ ಮೇಲಿಡು. ಬರೀ ಫರಸಿ ಕಲ್ಲಿನ ಮೇಲೆ ಇಟ್ಟರೆ ಕೆಳಗಿನಿಂದ ಸುಡುತ್ತದೆ. ನಾಲ್ಕು ತಾಸಿಗೆ ಮಗುಚು, ಸಂಜೆ ಒಳಗೆ ತಾ, ಮರುದಿನ ಮತ್ತೆ ಬಿಸಿಲಿಗೆ ಇಡು. ದಪ್ಪ ತಟ್ಟಿದರೆ ಮೇಲೆ ಒಣಗಿ ನಡುವೆ ಹುಳಿಯುತ್ತದೆ. ಮುರಿದಾಗ ಹಪ್ಪಳದಂತೆ ಪಟ್ ಅನ್ನಬೇಕು, ಬಾಗಿದರೆ ಇನ್ನೂ ಆಗಿಲ್ಲ. ಒಬ್ಬರಿಗೆ ದಿನಕ್ಕೆ ಎರಡು ದೊಡ್ಡ ಚಮಚ ಅಗಸಿಯಷ್ಟು ಸಾಕು.

48 ಡಿಗ್ರಿ ಬಿಸಿ ಮೀರಿದರೆ ಕಿಣ್ವ ಹೋಗಿ ಆಹಾರ ಸತ್ತಂತೆ ಅಂತ ಹಸಿ ಆಹಾರದವರು ಹೇಳುವ ಮಾತಿಗೆ ಅಂಜಬೇಡ. ಸೊಪ್ಪು-ಕಾಯಿಯ ಕಿಣ್ವಗಳನ್ನು ಹೇಗೂ ಜಠರದ ಆಮ್ಲ ಒಡೆದುಹಾಕುತ್ತದೆ, ಜೀರ್ಣಕ್ಕೆ ಬೇಕಾದ್ದನ್ನು ಮೈಯೇ ತಯಾರಿಸುತ್ತದೆ. ಬೇಯಿಸಿದರೆ ಸಿ ಜೀವಸತ್ವ ಕಡಿಮೆಯಾಗುವುದು ನಿಜ. ಗಜ್ಜರಿ, ಟೊಮ್ಯಾಟೊ ಬೆಂದಾಗಲೇ ಮೈಗೆ ಹೆಚ್ಚು ದಕ್ಕುವುದೂ ಅಷ್ಟೇ ನಿಜ. ಅಂಗಡಿಯ ‘ಹಸಿ’ ಗೋಡಂಬಿ ಕೂಡ ಚಿಪ್ಪು ಬಿಡಿಸಲು ಹಬೆಯಲ್ಲಿ ಬೆಂದದ್ದೇ. ಆರನೇ ತಿಂಗಳಿಗೆ ಮುಕ್ಕಾಲು ಹಸಿ, ರಾತ್ರಿ ಒಂದು ಬಟ್ಟಲು ತೊಗರಿ ಬೇಳೆ, ಒಂದು ರೊಟ್ಟಿ ಅನ್ನುವಲ್ಲಿ ನಿಂತರೆ ನನಗೆ ಸಮಾಧಾನ.

ಇಬ್ಬರೂ ಸೇರಿ ಮಾಡುವಾಗ ತಾಟು ಒಂದೇ ಅಳತೆಯದಾಗಬಾರದು. ಅಳಿಯಂದಿರ ಎತ್ತರಕ್ಕೆ, ಓಡಾಟಕ್ಕೆ ನಿನಗಿಂತ ಹೆಚ್ಚು ಶೇಂಗಾ, ಬಾಳೆಹಣ್ಣು ಬೇಕು. ನಿನಗೆ ಅವರಿಗಿಂತ ಹೆಚ್ಚು ಕಬ್ಬಿಣಾಂಶ ಬೇಕು, ಮೊಳಕೆಗೆ ನಿಂಬೆಹಣ್ಣು ಹಿಂಡು, ಊಟಕ್ಕೂ ಚಹಾಕ್ಕೂ ಒಂದು ತಾಸು ಅಂತರವಿರಲಿ. ಒಬ್ಬರಿಗೆ ಒಗ್ಗದಿದ್ದ ದಿನ ಎರಡು ಅಡಿಗೆ ಮಾಡಬೇಡ. ಅದೇ ಮೊಳಕೆಯಲ್ಲಿ ಅರ್ಧ ತೆಗೆದಿಟ್ಟು ಉಳಿದರ್ಧಕ್ಕೆ ಒಗ್ಗರಣೆ ಕೊಟ್ಟರೆ ಆಯಿತು. ಅವರು ಮೊದಲೇ ಬಿಟ್ಟರೆ ನೀನು ಸೋತೆ ಅಂತಲೂ ಅಲ್ಲ, ನೀನು ಬಿಟ್ಟರೆ ಅವರೂ ಬಿಡಬೇಕೆಂದೂ ಇಲ್ಲ.

ಶುರುವಿಗೆ ಮುಂಚೆ ಇಬ್ಬರೂ ಹಿಮೋಗ್ಲೋಬಿನ್, ಫೆರಿಟಿನ್ (ಮೈಯಲ್ಲಿನ ಕಬ್ಬಿಣದ ದಾಸ್ತಾನು), ಬಿ12, ಡಿ ಜೀವಸತ್ವ ಪರೀಕ್ಷೆ ಮಾಡಿಸಿ, ಆರು ತಿಂಗಳಿಗೆ ಮತ್ತೆ ಮಾಡಿಸಿ. ವಾರಕ್ಕೊಮ್ಮೆ ತೂಕ ನೋಡಿ, ತಿಂಗಳಿಗೆ ಎರಡು ಕಿಲೋ ಮೀರಿ ಇಳಿದರೆ ರೊಟ್ಟಿ ವಾಪಸ್ ತನ್ನಿ. ನಿನಗೆ ಮುಟ್ಟು ಏರುಪೇರಾದರೆ ಅದನ್ನು ಮೈ ಶುದ್ಧಿಯಾಗುತ್ತಿದೆ ಎಂದುಕೊಳ್ಳಬೇಡ. 1999ರಲ್ಲಿ ಪ್ರಕಟವಾದ ಜರ್ಮನಿಯ ಅಧ್ಯಯನದಲ್ಲಿ ಹಸಿ ಆಹಾರವೇ ಹೆಚ್ಚು ತಿನ್ನುತ್ತಿದ್ದ 45ರೊಳಗಿನ ಹೆಣ್ಣುಮಕ್ಕಳಲ್ಲಿ ಸುಮಾರು 30 ಪ್ರತಿಶತ ಮಂದಿಗೆ ಮುಟ್ಟು ನಿಂತಿತ್ತು ಇಲ್ಲವೇ ತಪ್ಪುತ್ತಿತ್ತು. ಮಗುವಿನ ಯೋಚನೆ ಬಂದ ದಿನವೇ ಹಸಿ ಮೊಳಕೆ ನಿಲ್ಲಿಸಿ ಡಾಕ್ಟರಿಗೆ ನೀವು ತಿನ್ನುವುದನ್ನೆಲ್ಲ ಹೇಳಬೇಕು.

ಈ ಪತ್ರದ ಜೊತೆ ಎರಡು ಕಿಲೋ ಅಗಸಿ, ಒಂದು ಕಿಲೋ ಕರಿ ಎಳ್ಳು, ಐದು ಕಿಲೋ ಜೋಳದ ಹಿಟ್ಟು ಕಳಿಸಿದ್ದೇನೆ. ಅಗಸಿ ಡಬ್ಬಿಯಲ್ಲಿ ಇಡಿಯಾಗಿಯೇ ಇರಲಿ, ವಾರಕ್ಕೆ ಬೇಕಾದಷ್ಟೇ ಪುಡಿ ಮಾಡು, ಪುಡಿ ಬೇಗ ಕಮಟುತ್ತದೆ. ರಕ್ತ ಪರೀಕ್ಷೆಯ ಕಾಗದ ಬಂದ ಕೂಡಲೇ ಫೋಟೋ ತೆಗೆದು ಕಳಿಸು.

ನಿನ್ನ ಅವ್ವ