ಪಟ್ಟಿಯಲ್ಲಿ ಇಲ್ಲದ ವಿಮಾನ

ಪ್ರೀತಿಯ ಮಗಳೇ,

ನಿನ್ನ ಪತ್ರ ತಲುಪಿತು. ಹದಿನೆಂಟು ಯುದ್ಧವಿಮಾನಗಳ ವೇಗ, ಏರುವ ಎತ್ತರ, ಎಂಜಿನ್ನಿನ ನೂಕುಬಲ ಎಲ್ಲವನ್ನೂ ಪಟ್ಟಿ ಮಾಡಿ, ಕೊನೆಯಲ್ಲಿ ‘ನಾನು ಪೈಲಟ್ ಆಗಲೇಬೇಕು ಚಿಕ್ಕಪ್ಪಾ’ ಎಂದು ಬರೆದಿದ್ದೀಯೆ. ಎರಡು ಸಲ ಓದಿದೆ. ನಿನ್ನ ವಯಸ್ಸಿನಲ್ಲಿ ನಾನೂ ಸದ್ದು ಕೇಳಿಯೇ ವಿಮಾನ ಯಾವುದೆಂದು ಹೇಳುತ್ತಿದ್ದೆ.

ಪಟ್ಟಿಯನ್ನು ಜೋಪಾನವಾಗಿಡು. ಆದರೆ ಇನ್ನು ‘ಎಷ್ಟು’ ಎನ್ನುವುದನ್ನು ಬಿಟ್ಟು ‘ಏಕೆ’ ಎಂದು ಕೇಳು. 60 ಡಿಗ್ರಿ ವಾಲಿ, ಎತ್ತರ ಕಳೆದುಕೊಳ್ಳದೆ ತಿರುಗುವ ವಿಮಾನದ ರೆಕ್ಕೆ ಅದರ ತೂಕದ ಎರಡರಷ್ಟನ್ನು ಹೊರಬೇಕು. ಆಗ ಸ್ಟಾಲ್ ಆಗುವ, ಎಂದರೆ ರೆಕ್ಕೆ ಎತ್ತುವ ಬಲ ಕಳೆದುಕೊಳ್ಳುವ, ವೇಗವೂ ಸುಮಾರು ಶೇಕಡಾ 41ರಷ್ಟು ಏರುತ್ತದೆ. ಗರಿಷ್ಠ ವೇಗ ಮರೆತರೆ ಪುಸ್ತಕ ತೆರೆದು ನೋಡಬಹುದು. ಇದನ್ನು ಮರೆತು ನೆಲದ ಹತ್ತಿರ ತಿರುವನ್ನು ಬಿಗಿ ಮಾಡಿದವರಿಗೆ ಪುಸ್ತಕ ತೆರೆಯುವ ಸಮಯವಿರುವುದಿಲ್ಲ.

ತರಬೇತಿಯಲ್ಲಿ ನಿನ್ನ ಮೈಯೇ ನಿನಗೆ ಸುಳ್ಳು ಹೇಳುತ್ತದೆ. ಮೋಡದೊಳಗೆ ಒಂದೇ ಸಮನೆ ತಿರುಗುತ್ತಿದ್ದರೆ ಒಳಕಿವಿಯ ದ್ರವ ಆ ಚಲನೆಗೆ ಹೊಂದಿಕೊಂಡುಬಿಡುತ್ತದೆ; ನೆಟ್ಟಗೆ ಹೋಗುತ್ತಿದ್ದೇನೆ ಅನ್ನಿಸುತ್ತದೆ. ರೆಕ್ಕೆಯನ್ನು ಸಮ ಮಾಡಿದೊಡನೆ ಎದುರು ದಿಕ್ಕಿಗೆ ತಿರುಗಿದಂತೆ ಭಾಸವಾಗುತ್ತದೆ. 1929ರಲ್ಲಿ ಅಮೆರಿಕದ ಪೈಲಟ್ ಜಿಮ್ಮಿ ಡೂಲಿಟ್ಲ್ ಹೊರಗೇನೂ ಕಾಣದಂತೆ ಮುಚ್ಚಿದ ಕಾಕ್‌ಪಿಟ್‌ನಲ್ಲಿ ಕುಳಿತು, ಉಪಕರಣಗಳನ್ನಷ್ಟೇ ನಂಬಿ ಹಾರಿ ಇಳಿದರು. ಧೈರ್ಯ ಎಂದರೆ ನನಗೆ ನೆನಪಾಗುವುದು ಅದೇ: ತನ್ನ ಅನಿಸಿಕೆಯನ್ನು ಬದಿಗಿಟ್ಟು ಮುಳ್ಳು ತೋರಿಸಿದ್ದನ್ನು ಒಪ್ಪುವುದು.

ಚೆಕ್‌ಲಿಸ್ಟ್ ಹೊಸಬರಿಗೆ ಮಾತ್ರ ಎಂದುಕೊಳ್ಳಬೇಡ. 1935ರ ಅಕ್ಟೋಬರ್ 30ರಂದು ಅಮೆರಿಕದ ರೈಟ್ ಫೀಲ್ಡ್‌ನಲ್ಲಿ ಬೋಯಿಂಗ್‌ನ ನಾಲ್ಕು ಎಂಜಿನ್ನಿನ ಮಾಡೆಲ್ 299 ಮೇಲೇರಿದೊಡನೆ ನೆಲಕ್ಕಪ್ಪಳಿಸಿತು. ನಿಂತ ವಿಮಾನದ ಚುಕ್ಕಾಣಿ ಫಲಕಗಳು ಗಾಳಿಗೆ ಅಲುಗದಂತೆ ಹಾಕಿದ್ದ ಬೀಗವನ್ನು ತೆಗೆದಿರಲಿಲ್ಲ. ಇಬ್ಬರು ಪ್ರಾಣ ಕಳೆದುಕೊಂಡರು. ಹಾರಿಸುತ್ತಿದ್ದವರು ನುರಿತ ಪೈಲಟ್. ಪೈಲಟ್‌ಗಳ ಕೈಗೆ ಚೆಕ್‌ಲಿಸ್ಟ್ ಬಂದದ್ದು ಆ ಬಳಿಕ. ಅದೇ ವಿಮಾನ ಬಿ-17 ಬಾಂಬರ್ ಆಗಿ 12,000ಕ್ಕೂ ಹೆಚ್ಚು ಸಂಖ್ಯೆಯಲ್ಲಿ ತಯಾರಾಯಿತು.

ನನ್ನದೊಂದು ಸಂಗತಿ ನಿನಗೆ ಗೊತ್ತಿಲ್ಲ. ನಾನು ಎಂಜಿನ್ ವಿಭಾಗದಲ್ಲಿದ್ದ ಮೊದಲ ವರ್ಷ, ಸಂಜೆ ಉಪಕರಣಗಳ ಹಲಗೆಯಲ್ಲಿ ಒಂದು ಸ್ಪ್ಯಾನರ್‌ನ ಜಾಗ ಖಾಲಿಯಿತ್ತು. ಅಂದು ನಾನು ಕೈ ಹಾಕಿದ್ದು ಮೂರು ವಿಮಾನಗಳಿಗೆ. ಯಾರೂ ನೋಡಿರಲಿಲ್ಲ, ಬೇರೊಂದನ್ನು ತಂದು ತೂಗುಹಾಕಬಹುದಿತ್ತು. ಗಂಟಲು ಒಣಗಿತ್ತು, ಆದರೂ ಹೋಗಿ ಹೇಳಿದೆ. ಮೂರನ್ನೂ ನಿಲ್ಲಿಸಿದರು. ರಾತ್ರಿಯಿಡೀ ಹುಡುಕಿದೆವು. ಬೆಳಗಿನ ಜಾವ ಅದು ಸಿಕ್ಕಿದ್ದು ಒಂದರ ಚುಕ್ಕಾಣಿ ಸರಳಿನ ಪಕ್ಕದಲ್ಲಿ. ಅದನ್ನು ಹಾರಿಸಬೇಕಿದ್ದ ಪೈಲಟ್ ಬಂದು ನನ್ನ ಕೈ ಹಿಡಿದುಕೊಂಡು ಸುಮ್ಮನೆ ನಿಂತರು. ತಪ್ಪನ್ನು ತಾನಾಗಿ ಹೇಳುವ ಅಭ್ಯಾಸವನ್ನು ಈಗಲೇ ರೂಢಿಸಿಕೋ. ಪ್ರತಿ ಹಾರಾಟದ ನಂತರ ಕೂರಿಸಿ ನಿನ್ನ ತಪ್ಪುಗಳನ್ನು ಒಂದೊಂದಾಗಿ ಎತ್ತಿ ಹೇಳುತ್ತಾರೆ. ಆಗ ಸಮರ್ಥಿಸಿಕೊಳ್ಳುವವರು ಕಲಿಯುವುದಿಲ್ಲ.

ಇನ್ನೊಂದು ಮಾತು, ಕಠಿಣವಾದದ್ದು. ನೀನು ಸುಂದರ ಎನ್ನುವ ಆ ಯಂತ್ರವನ್ನು ಕಟ್ಟಿರುವುದು ಆಯುಧ ಹೊರಲು. ಆ ಹೊಣೆಯನ್ನು ಹೊರುವೆಯಾ ಎಂದು ಸಮವಸ್ತ್ರ ತೊಡುವ ಮೊದಲೇ ನಿನ್ನನ್ನು ನೀನು ಕೇಳಿಕೋ. ಉತ್ತರಕ್ಕೆ ಅವಸರ ಬೇಡ.

ಕಣ್ಣಿನ ಪರೀಕ್ಷೆಯನ್ನು ಮಾತ್ರ ಈ ತಿಂಗಳೇ ಮಾಡಿಸು, ಬಣ್ಣ ಗುರುತಿಸುವ ಪರೀಕ್ಷೆಯೂ ಸೇರಿ. ನನ್ನನ್ನು ತಡೆದದ್ದು ಅದೇ. ತಿಳಿದಾಗ ತಡವಾಗಿತ್ತು, ಒಂದು ವರ್ಷ ಯಾರೊಂದಿಗೂ ಸರಿಯಾಗಿ ಮಾತನಾಡಲಿಲ್ಲ. ಆಮೇಲೆ ಎಂಜಿನ್‌ಗಳ ನಡುವೆ ಕಳೆದ ವರ್ಷಗಳನ್ನು ಇಂದು ಯಾವುದಕ್ಕೂ ಬದಲಿಸಿಕೊಳ್ಳಲಾರೆ. ವಾಯು ಸಂಚಾರ ನಿಯಂತ್ರಣ, ರಾಡಾರ್, ಹವಾಮಾನ ವಿಭಾಗಗಳ ಬಗ್ಗೆಯೂ ಓದಿಕೋ.

ವಾಲಿದ ರೆಕ್ಕೆಯ ಮೇಲಿನ ಬಲಗಳನ್ನು ಬಾಣ ಎಳೆದು ತೋರಿಸುವ ಚಿತ್ರವೊಂದನ್ನು ಕಣ್ಣಿನ ವರದಿಯ ಜೊತೆ ಕಳುಹಿಸು. ತಪ್ಪಿದ್ದರೆ ತಿದ್ದಿ ಮರುಟಪಾಲಿನಲ್ಲಿ ಕಳುಹಿಸುತ್ತೇನೆ.

ನಿನ್ನ ಚಿಕ್ಕಪ್ಪ